ಅವಳಿ ಎಂದಷ್ಟೇ ಬರೆದರೆ ಸಾಲದು, ಮಾಸು ಎಷ್ಟೆಂದೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಅವಳಿ ಗರ್ಭ ಎಂದು ತಿಳಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಎರಡೂ ಒಂದೇ ಥರ ಇರ್ತಾವಾ?’ ಎಂಬುದು. ಆಮೇಲೆ, ‘ಇನ್ನು ಎಷ್ಟು ಊಟ ಮಾಡಬೇಕು?’ ಗರ್ಭದಲ್ಲಿ ಮಗುವಿಗೆ ಆಹಾರ ಒದಗಿಸುವ ಮಾಸು (ಪ್ಲಾಸೆಂಟಾ) ಒಂದಿದೆಯೋ ಎರಡಿದೆಯೋ ಎಂದು ಕೇಳುವವರು ಅಪರೂಪ. ಬಸುರಿಯ ಮುಂದಿನ ಆರು ತಿಂಗಳ ಆರೈಕೆ ನಿಂತಿರುವುದು ಈ ಕೊನೆಯ ಪ್ರಶ್ನೆಯ ಉತ್ತರದ ಮೇಲೆ. ಹಾಗಿದ್ದೂ ‘ಅವಳಿ ಗರ್ಭ, ಎರಡಕ್ಕೂ ಹೃದಯ ಬಡಿತ ಇದೆ’ ಎಂಬ ಒಂದೇ ಸಾಲಿನ ಸ್ಕ್ಯಾನಿಂಗ್ ವರದಿ ಹಿಡಿದು ಐದನೇ ತಿಂಗಳಲ್ಲಿ ಬರುವ ಬಸುರಿಯರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಮಾಸಿನ ಲೆಕ್ಕ ಸ್ಪಷ್ಟವಾಗಿ ಸಿಗುವುದು ಮೂರನೇ ತಿಂಗಳಲ್ಲಿ. ಐದನೆಯ ತಿಂಗಳಲ್ಲಿ ಹುಡುಕಿದರೆ ಎಷ್ಟೋ ಸಲ ಊಹೆಯೇ ಗತಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವ, ದೊಡ್ಡ ಆಸ್ಪತ್ರೆಗೆಂದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ದಿಕ್ಕಿಗೊಬ್ಬರು ಓಡುವ ಉತ್ತರ ಕನ್ನಡದಲ್ಲಿ ಆ ಊಹೆ ಬಹಳ ದುಬಾರಿ. ಪತ್ರ ಉದ್ದವಾಗಿದೆ. ಜಾಗ ಸಾಲದಿದ್ದರೆ ಊಟದ ಭಾಗ ಕತ್ತರಿಸಿ, ಮಾಸಿನ ಭಾಗ ಉಳಿಸಿಕೊಡಿ.

ಅವಳಿ ಎರಡು ದಾರಿಯಲ್ಲಿ ಆಗುತ್ತವೆ. ಅಂಡಾಶಯದಿಂದ ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡ ಹೊರಬೀಳುತ್ತದೆ. ಯಾವುದೋ ತಿಂಗಳು ಎರಡು ಬಿದ್ದು, ಎರಡಕ್ಕೂ ಬೇರೆ ಬೇರೆ ವೀರ್ಯಾಣು ಸೇರಿದರೆ ಎರಡು ಅಂಡದ ಅವಳಿ. ಒಡಹುಟ್ಟಿದವರಲ್ಲಿ ಎಷ್ಟು ಹೋಲಿಕೆ ಇರುತ್ತದೋ ಇವರಲ್ಲೂ ಅಷ್ಟೇ. ಒಂದು ಗಂಡು ಒಂದು ಹೆಣ್ಣು ಆಗಬಹುದು, ಎರಡೂ ಒಂದೇ ಲಿಂಗದ್ದೂ ಆಗಬಹುದು. ಇಬ್ಬರಿಗೂ ತಮ್ಮ ತಮ್ಮ ಮಾಸು, ತಮ್ಮ ತಮ್ಮ ನೀರಿನ ಚೀಲ. ಹುಟ್ಟುವ ಅವಳಿಗಳಲ್ಲಿ ಹೆಚ್ಚಿನವು ಈ ಬಗೆಯವು. ಇವುಗಳ ಪ್ರಮಾಣ ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತದೆ. ನೈಜೀರಿಯಾದ ಯೊರುಬಾ ಜನರಲ್ಲಿ ತೀರಾ ಹೆಚ್ಚು, ಜಪಾನಿನಂಥ ಪೂರ್ವ ಏಷ್ಯಾದ ದೇಶಗಳಲ್ಲಿ ಕಡಿಮೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಡಿಂಞಿ ಎಂಬ ಹಳ್ಳಿ ಅವಳಿಗಳಿಗೇ ಹೆಸರಾಗಿದೆ.

ವಂಶದಲ್ಲಿ ಬರುವುದೂ ಈ ಬಗೆಯೇ. ಎರಡು ಅಂಡ ಬಿಡುವ ಗುಣ ಹೆಣ್ಣಿನ ದೇಹದ್ದು. ಹಾಗಾಗಿ ಗಂಡನ ಮನೆತನದಲ್ಲಿ ಅವಳಿ ಇದ್ದಾರೆಂಬ ಕಾರಣಕ್ಕೆ ಸೊಸೆಗೆ ಅವಳಿ ಆಗುವುದಿಲ್ಲ. ಆ ಗುಣ ಅವನಿಂದ ಅವನ ಮಗಳಿಗೆ ದಾಟಿ ಅವಳ ಬಸುರಿನಲ್ಲಿ ಕಾಣಿಸಿಕೊಳ್ಳಬಹುದು. ಮೂವತ್ತೈದರ ಆಚೆ ಅಂಡ ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನು ಏರುವುದರಿಂದ ಅವಳಿಯ ಸಾಧ್ಯತೆಯೂ ಏರುತ್ತದೆ. ಈಚೆಗೆ ದೊಡ್ಡ ಕಾರಣವೆಂದರೆ ಬಂಜೆತನದ ಚಿಕಿತ್ಸೆ. ಕ್ಲೋಮಿಫೀನ್ ಮಾತ್ರೆಯಿಂದ ನಿಂತ ನೂರು ಗರ್ಭಗಳಲ್ಲಿ 5ರಿಂದ 8 ಅವಳಿ ಆಗುತ್ತವೆ. ಲೆಟ್ರೊಜೋಲ್‌ನಲ್ಲಿ ಅದಕ್ಕಿಂತ ಕಡಿಮೆ, ಹಾರ್ಮೋನು ಇಂಜೆಕ್ಷನ್‌ನಲ್ಲಿ ಹೆಚ್ಚು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಎಷ್ಟು ಭ್ರೂಣ ಒಳಗೆ ಬಿಡುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಎರಡು ಬಿಟ್ಟರೆ ‘ಒಂದೇ ಖರ್ಚಿನಲ್ಲಿ ಎರಡು’ ಎಂಬ ಲೆಕ್ಕ ಕೆಲವರದು. ಆ ಲೆಕ್ಕದಲ್ಲಿ ತಿಂಗಳು ತುಂಬದೆ ಹುಟ್ಟುವ ಮಕ್ಕಳ ಐಸಿಯು ಬಿಲ್ಲು ಸೇರಿರುವುದಿಲ್ಲ. ಜೋಡಿ ಬಾಳೆಹಣ್ಣು ತಿಂದರೆ ಅವಳಿ ಆಗುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಎರಡನ್ನೂ ಸುಲಿದು ತಿನ್ನಿ.

ಇನ್ನೊಂದು ದಾರಿ, ಒಂದೇ ಅಂಡ ಒಂದೇ ವೀರ್ಯಾಣುವಿನಿಂದ ಆದ ಭ್ರೂಣ ಬೆಳೆಯುತ್ತ ಎರಡಾಗಿ ಒಡೆಯುವುದು. ಇದು ಲೋಕದ ಎಲ್ಲ ಕಡೆ ಸುಮಾರು ಒಂದೇ ಪ್ರಮಾಣದಲ್ಲಿದೆ, ಸಾವಿರ ಹೆರಿಗೆಗೆ ನಾಲ್ಕರ ಆಸುಪಾಸು. ವಂಶ, ವಯಸ್ಸು, ಊಟ ಯಾವುದರ ಹಂಗೂ ಇದಕ್ಕೆ ಇಲ್ಲವೆನ್ನಬಹುದು. ಗರ್ಭ ಕಟ್ಟಿದ ಎಷ್ಟನೇ ದಿನ ಒಡೆಯಿತು ಎಂಬುದರ ಮೇಲೆ ಮಾಸು ಎಷ್ಟು, ಚೀಲ ಎಷ್ಟು ಎಂಬುದು ನಿರ್ಧಾರವಾಗುತ್ತದೆ. ಮೂರು ದಿನದೊಳಗೆ ಒಡೆದರೆ ಎರಡು ಮಾಸು, ಎರಡು ಚೀಲ. ನಾಲ್ಕರಿಂದ ಎಂಟನೇ ದಿನದೊಳಗೆ ಒಡೆದರೆ ಮಾಸು ಒಂದು, ಚೀಲ ಎರಡು. ಒಂದು ಅಂಡದ ಅವಳಿಗಳಲ್ಲಿ ಮೂರರಲ್ಲಿ ಎರಡು ಪಾಲು ಹೀಗೇ. ಎಂಟು ದಾಟಿ ಹದಿಮೂರರೊಳಗೆ ಒಡೆದರೆ ಮಾಸೂ ಒಂದು, ಚೀಲವೂ ಒಂದು. ಇದು ನೂರರಲ್ಲಿ ಒಂದೆರಡು. ಅದಕ್ಕೂ ತಡವಾದರೆ ಪೂರ್ತಿ ಬೇರ್ಪಡದೆ ಸಯಾಮಿ ಅವಳಿ.

ಗಮನಿಸಿ, ಒಂದೇ ಅಂಡದ, ಎಂದರೆ ತದ್ರೂಪಿ ಅವಳಿಗೂ ಎರಡು ಮಾಸು ಇರಬಹುದು. ‘ಎರಡು ಮಾಸು ಇತ್ತು, ಹಾಗಾಗಿ ಇವು ತದ್ರೂಪಿ ಅಲ್ಲ’ ಎಂದು ಹೆರಿಗೆ ಕೋಣೆಯಲ್ಲಿ ಹೇಳುವ ಮಾತು ಅಷ್ಟಕ್ಕಷ್ಟೆ. ಎರಡು ಪ್ರತ್ಯೇಕ ಮಾಸು ಅಕ್ಕಪಕ್ಕ ಬೆಳೆದು ಅಂಟಿಕೊಂಡು ಒಂದೇ ಎಂಬಂತೆ ಕಾಣುವುದೂ ಉಂಟು. ತದ್ರೂಪಿಯೇ ಎಂದು ಖಚಿತವಾಗಬೇಕಾದರೆ ಡಿಎನ್‌ಎ ಪರೀಕ್ಷೆ ಬೇಕು. ಬಸುರಿನ ಆರೈಕೆಗೆ ಆ ಕುತೂಹಲ ಮುಖ್ಯವಲ್ಲ. ಅಪಾಯ ಇರುವುದು ಮಾಸನ್ನು ಹಂಚಿಕೊಂಡಿರುವುದರಲ್ಲಿ.

ಹಾಗಾದರೆ ನೋಡುವುದು ಯಾವಾಗ? 11ನೇ ವಾರದಿಂದ 13 ವಾರ 6 ದಿನದೊಳಗೆ, ಮಗುವಿನ ಉದ್ದ 45ರಿಂದ 84 ಮಿಲಿಮೀಟರ್ ಇರುವಾಗ. ಎರಡು ಚೀಲಗಳ ನಡುವಿನ ಪೊರೆ ಮಾಸಿಗೆ ಸೇರುವ ಜಾಗದಲ್ಲಿ ಮಾಸಿನ ಅಂಗಾಂಶ ತ್ರಿಕೋನವಾಗಿ ಮೇಲೆ ಎದ್ದಿದ್ದರೆ ಅದು ‘ಲ್ಯಾಂಬ್ಡಾ’ ಗುರುತು, ಮಾಸು ಎರಡು. ತೆಳ್ಳನೆಯ ಪೊರೆ ನೇರವಾಗಿ ಬಂದು ಲಂಬವಾಗಿ ಕೂಡಿದ್ದರೆ ‘ಟಿ’ ಗುರುತು, ಮಾಸು ಒಂದು. ಪೊರೆಯೇ ಕಾಣದಿದ್ದರೆ ಚೀಲವೂ ಒಂದೇ ಇರಬಹುದು. ಕೂಡಲೇ ಇನ್ನೊಬ್ಬ ತಜ್ಞರಿಂದ ನೋಡಿಸಬೇಕು. ಈ ವಾರಗಳಲ್ಲಿ ಉತ್ತರ ಬಹುತೇಕ ತಪ್ಪುವುದಿಲ್ಲ. ಇಪ್ಪತ್ತು ವಾರ ದಾಟಿದ ಮೇಲೆ ಆ ತ್ರಿಕೋನ ಕರಗಿ ಎರಡು ಮಾಸಿನ ಗರ್ಭವೂ ಒಂದು ಮಾಸಿನಂತೆ ಕಾಣಬಹುದು. ಸ್ಪಷ್ಟವಾಗದೇ ಇದ್ದಾಗ ಒಂದೇ ಮಾಸು ಎಂದು ಭಾವಿಸಿ ಆರೈಕೆ ಮಾಡುವುದು ಸುರಕ್ಷಿತ ದಾರಿ. ಆ ಗುರುತಿನ ಚಿತ್ರವನ್ನು ಮುದ್ರಿಸಿ ವರದಿಗೆ ಅಂಟಿಸಿ ಕೊಡಲು ಕೇಳಿ. ಮುಂದೆ ನೋಡುವ ವೈದ್ಯರಿಗೆ ಅದೇ ಸಾಕ್ಷಿ.

ಹೊರದೇಶದ ಪುಸ್ತಕಗಳಲ್ಲಿ ಒಂದು ಸುಲಭ ದಾರಿ ಹೇಳಿರುತ್ತದೆ: ಒಂದು ಗಂಡು ಒಂದು ಹೆಣ್ಣು ಕಂಡರೆ ಮಾಸು ಎರಡು ಎಂದೇ ಲೆಕ್ಕ. ನಮ್ಮಲ್ಲಿ 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಇರುವುದರಿಂದ ಅದನ್ನು ಹೇಳುವ, ಬರೆಯುವ ಹಾಗಿಲ್ಲ. ಕಾಯ್ದೆ ಸರಿಯಾಗಿಯೇ ಇದೆ. ಆದ್ದರಿಂದಲೇ ಆ ಮೂರು ವಾರಗಳ ಸ್ಕ್ಯಾನಿಂಗ್ ನಮಗೆ ಇನ್ನಷ್ಟು ಮುಖ್ಯ. ಕೆಲವರು ಕಾಯ್ದೆಗೆ ಹೆದರಿ ಮಾಸಿನ ಬಗ್ಗೆ ಕೇಳಲೂ ಹಿಂಜರಿಯುತ್ತಾರೆ. ಮಾಸಿನ ಸಂಖ್ಯೆ ಹೇಳಿದರೆ ಗಂಡೋ ಹೆಣ್ಣೋ ಎಂಬುದು ತಿಳಿಯುವುದಿಲ್ಲ, ಧೈರ್ಯವಾಗಿ ಕೇಳಬಹುದು, ಹೇಳಬಹುದು.

ಅದೇ ಸ್ಕ್ಯಾನಿಂಗ್‌ನಲ್ಲಿ ಇನ್ನೆರಡು ಕೆಲಸ ಮುಗಿಯಬೇಕು. ವಾರದ ಲೆಕ್ಕವನ್ನು ದೊಡ್ಡ ಮಗುವಿನ ಅಳತೆಯಿಂದ ಹಾಕಬೇಕು. ಚಿಕ್ಕದರಿಂದ ಹಾಕಿದರೆ ಅದು ಹಿಂದುಳಿದಿರುವುದೇ ಮರೆಯಾಗಿಬಿಡುತ್ತದೆ. ಯಾವುದು ಒಂದನೆಯದು, ಯಾವುದು ಎರಡನೆಯದು ಎಂಬುದನ್ನು ಎಡ-ಬಲ ಅಥವಾ ಮೇಲೆ-ಕೆಳಗೆ ಎಂದು ಬರೆದಿಡಬೇಕು. ಇಲ್ಲದಿದ್ದರೆ ಮುಂದಿನ ಸಲ ಇನ್ನೊಬ್ಬರು ಅಳೆದಾಗ ಮಕ್ಕಳು ಅದಲುಬದಲಾಗಿ, ಒಂದು ದಿಢೀರನೆ ಬೆಳೆದಂತೆ, ಇನ್ನೊಂದು ಕುಗ್ಗಿದಂತೆ ಕಾಣುತ್ತದೆ. ಡೌನ್ ಸಿಂಡ್ರೋಮ್ ತಪಾಸಣೆ ಮಾಡಿಸುವವರು ಕತ್ತಿನ ಹಿಂದಿನ ನೀರಿನ ಅಳತೆಯನ್ನೂ ಆಗಲೇ ಮಾಡಿಸಬೇಕು. ಅವಳಿಯಲ್ಲಿ ಬರೀ ರಕ್ತಪರೀಕ್ಷೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಮೊದಲ ಸ್ಕ್ಯಾನಿಂಗ್‌ನಲ್ಲಿ ಎರಡಿದ್ದು ಆಮೇಲೆ ಒಂದೇ ಉಳಿಯುವುದೂ ಉಂಟು. ಶುರುವಿನ ವಾರಗಳಲ್ಲಿ ಅದು ಅಪರೂಪವಲ್ಲ. ಉಳಿದ ಮಗುವಿಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ, ಯಾರ ತಪ್ಪೂ ಅಲ್ಲ.

ಮಾಸು ಎರಡಿದ್ದರೆ 20ನೇ ವಾರದಿಂದ ನಾಲ್ಕು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಸಾಕು. ಒಂದೇ ಆಗಿದ್ದರೆ 16ನೇ ವಾರದಿಂದಲೇ ಎರಡು ವಾರಕ್ಕೊಮ್ಮೆ, ತಪ್ಪದೆ. ಕಾರಣ, ಒಂದೇ ಮಾಸಿನಲ್ಲಿ ಇಬ್ಬರ ರಕ್ತನಾಳಗಳೂ ಒಳಗೊಳಗೆ ಕೂಡಿಕೊಂಡಿರುತ್ತವೆ. ಗುಡ್ಡದಿಂದ ಇಳಿಯುವ ಅಬ್ಬಿ ನೀರಿಗೆ ಎರಡು ಮನೆಯವರು ಅಡಿಕೆ ಮರ ಸೀಳಿದ ದಬ್ಬೆ ಹಾಕಿಕೊಂಡಾಗ ಒಂದು ದಬ್ಬೆ ತುಸು ವಾಲಿದರೂ ಆಚೆಮನೆಯ ತೊಟ್ಟಿ ತುಂಬಿ ಚೆಲ್ಲುತ್ತದೆ, ಈಚೆಮನೆಯದು ಒಣಗುತ್ತದೆ. ಹಾಗೆಯೇ ಒಂದು ಮಗುವಿನಿಂದ ಇನ್ನೊಂದಕ್ಕೆ ರಕ್ತ ಏಕಮುಖವಾಗಿ ಹರಿಯತೊಡಗುವುದಿದೆ. ಒಂದು ಮಾಸು, ಎರಡು ಚೀಲದ ಅವಳಿಗಳಲ್ಲಿ ನೂರಕ್ಕೆ 10ರಿಂದ 15ರಲ್ಲಿ ಇದು ಆಗುತ್ತದೆ, ಹೆಚ್ಚಾಗಿ 16ರಿಂದ 26ನೇ ವಾರದ ನಡುವೆ. ರಕ್ತ ಕಳೆದುಕೊಳ್ಳುವ ಮಗುವಿಗೆ ಮೂತ್ರ ಕಡಿಮೆಯಾಗಿ ಅದರ ಚೀಲದ ನೀರು ಬತ್ತುತ್ತದೆ. ಪಡೆಯುವ ಮಗು ಹೆಚ್ಚು ಮೂತ್ರ ಮಾಡಿ ಅದರ ಚೀಲ ಉಬ್ಬುತ್ತದೆ, ಹೃದಯಕ್ಕೆ ಭಾರ ಬೀಳುತ್ತದೆ. ಸ್ಕ್ಯಾನಿಂಗ್‌ನಲ್ಲಿ ಒಂದು ಕಡೆ ನೀರಿನ ಆಳ 2 ಸೆಂಟಿಮೀಟರಿಗಿಂತ ಕಡಿಮೆ, ಇನ್ನೊಂದು ಕಡೆ 8ಕ್ಕಿಂತ ಹೆಚ್ಚು ಇದ್ದರೆ ಅದೇ ಇದು. ಇಪ್ಪತ್ತು ವಾರದ ನಂತರ ಮೇಲಿನ ಮಿತಿ 10 ಎಂದು ಅನೇಕ ಕಡೆ ಹಿಡಿಯುತ್ತಾರೆ.

ತೀವ್ರವಾದದ್ದನ್ನು ಚಿಕಿತ್ಸೆ ಇಲ್ಲದೆ ಬಿಟ್ಟರೆ ಎರಡೂ ಮಕ್ಕಳು ಉಳಿಯದಿರುವುದೇ ಹೆಚ್ಚು. ಚಿಕಿತ್ಸೆ ಇದೆ: ಗರ್ಭದೊಳಗೆ ಸಣ್ಣ ದುರ್ಬೀನು ಇಳಿಸಿ, ಮಾಸಿನ ಮೇಲೆ ಕೂಡಿಕೊಂಡ ನಾಳಗಳನ್ನು ಲೇಸರ್‌ನಿಂದ ಸುಟ್ಟು ಮುಚ್ಚುವುದು. ಆದರೆ ಇದು ಬೆಂಗಳೂರಿನಂಥ ದೊಡ್ಡ ಊರುಗಳ ಕೆಲವೇ ಭ್ರೂಣ ಚಿಕಿತ್ಸಾ ಕೇಂದ್ರಗಳಲ್ಲಿ ಆಗುವಂಥದ್ದು. ಶಿರಸಿಯಿಂದ ಸುಮಾರು 400 ಕಿಲೋಮೀಟರ್, ಕಾರವಾರದಿಂದ 500ಕ್ಕೂ ಮೇಲೆ. ಹದಿನೈದು ದಿನಕ್ಕೊಮ್ಮೆ ನೋಡುತ್ತಿದ್ದರೆ ಹೊರಡಲು ಸಮಯ ಸಿಗುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಆಗಲೇ ಕೈಮೀರಿರಬಹುದು. ಎರಡು ಸ್ಕ್ಯಾನಿಂಗ್ ನಡುವೆ ಹೊಟ್ಟೆ ದಿಢೀರನೆ ಉಬ್ಬಿ ಬಿಗಿದುಕೊಂಡರೆ, ಉಸಿರು ಕಟ್ಟಿದಂತಾದರೆ, ‘ಅವಳಿ ಅಲ್ಲವೇ, ಹಾಗೇ ಇರತ್ತೆ’ ಎಂದು ಕೂರದೆ ಅದೇ ದಿನ ತೋರಿಸಬೇಕು.

ಒಂದೇ ಮಾಸಿನಲ್ಲಿ ಬೇರೆ ತೊಡಕುಗಳೂ ಇವೆ. ನೀರಿನಲ್ಲಿ ವ್ಯತ್ಯಾಸ ಇಲ್ಲದೆಯೂ ಒಂದಕ್ಕೆ ರಕ್ತಹೀನತೆ, ಇನ್ನೊಂದಕ್ಕೆ ರಕ್ತ ದಪ್ಪವಾಗುವುದು. ಮಾಸಿನ ಪಾಲು ಸಮನಾಗಿ ಸಿಗದೆ ಒಂದು ಮಗು ಮಾತ್ರ ಹಿಂದುಳಿಯುವುದು. ಇಬ್ಬರ ಅಂದಾಜು ತೂಕದಲ್ಲಿ ನೂರಕ್ಕೆ 20-25 ಭಾಗ ಅಂತರ ಬಂದರೆ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಆಗಲೇಬೇಕು. ಒಂದು ಮಗು ಗರ್ಭದಲ್ಲೇ ತೀರಿಕೊಂಡರೆ, ಮಾಸು ಎರಡಿದ್ದಲ್ಲಿ ಉಳಿದದ್ದಕ್ಕೆ ಅಪಾಯ ಕಡಿಮೆ. ಮಾಸು ಒಂದೇ ಇದ್ದಲ್ಲಿ ಬದುಕಿರುವ ಮಗುವಿನ ರಕ್ತ ಆ ಕಡೆಗೆ ಹರಿದು ಮಿದುಳಿಗೆ ಪೆಟ್ಟಾಗಬಹುದು. ಚೀಲವೂ ಒಂದೇ ಆದರೆ ಹೊಕ್ಕುಳಬಳ್ಳಿಗಳು ಹೆಣೆದುಕೊಳ್ಳುತ್ತವೆ. ಅಂಥವರಿಗೆ 32ರಿಂದ 34ನೇ ವಾರದೊಳಗೆ ಸಿಸೇರಿಯನ್ನೇ ದಾರಿ. ಒಂದು ಮಾಸು, ಎರಡು ಚೀಲದ್ದು ಬೇರೆ ತೊಡಕಿಲ್ಲದಿದ್ದರೆ 36ನೇ ವಾರದಲ್ಲಿ, ಎರಡು ಮಾಸಿನದ್ದು 37ನೇ ವಾರದಲ್ಲಿ ಹೆರಿಗೆಯಾಗುವುದು ಒಳ್ಳೆಯದು. ‘ಒಂಬತ್ತು ತಿಂಗಳು ಒಂಬತ್ತು ದಿನ ತುಂಬಲಿ’ ಎಂದು ಕಾಯುವುದು ಅವಳಿಗೆ ಹೊಂದುವುದಿಲ್ಲ. ಕೊನೆಯ ವಾರಗಳಲ್ಲಿ ಗರ್ಭದಲ್ಲೇ ಮಗು ತೀರಿಕೊಳ್ಳುವ ಅಪಾಯ ಏರುತ್ತದೆ.

ತಾಯಿಯ ವಿಷಯಕ್ಕೆ ಬಂದರೆ ಮೊದಲು ರಕ್ತ. ರಕ್ತಹೀನತೆ ನಮ್ಮಲ್ಲಿ ಒಂದೇ ಮಗುವಿನ ಬಸುರಿಯರಲ್ಲೇ ಸಾಮಾನ್ಯ, ಅವಳಿಯಲ್ಲಿ ಕೇಳುವುದೇ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಎರಡು. ಕ್ಯಾಲ್ಸಿಯಂ 500 ಮಿಲಿಗ್ರಾಂನ ಮಾತ್ರೆ ದಿನಕ್ಕೆರಡು. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಚಹಾದ ಜೊತೆಗೂ ಅಷ್ಟೇ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ಊಟವಾಗಿ ಎರಡು ತಾಸಿನ ನಂತರ, ಬೇಕಾದರೆ ಲಿಂಬೆ ಶರಬತ್ತಿನ ಜೊತೆ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹಿಮೋಗ್ಲೋಬಿನ್ನನ್ನು 20-24 ವಾರದಲ್ಲೂ 28ನೇ ವಾರದಲ್ಲೂ ಮತ್ತೆ ನೋಡಿಸಬೇಕು. ಮಾತ್ರೆಗೆ ಏರದಿದ್ದರೆ ಕಬ್ಬಿಣದ ಡ್ರಿಪ್ ಇದೆ.

ಊಟ: ಒಂದು ಮಗುವಿಗೆ ದಿನಕ್ಕೆ ಸುಮಾರು 300 ಕ್ಯಾಲೊರಿ ಹೆಚ್ಚು ಬೇಕಾದರೆ ಅವಳಿಗೆ ಸುಮಾರು 600. ಗಂಜಿ ಎರಡು ಬಟ್ಟಲು ಹೆಚ್ಚಿಗೆ ಕುಡಿದರೆ ಅದು ಪೂರೈಸುವುದಿಲ್ಲ, ಪ್ರೋಟೀನು ಬೇಕು. ಕರಾವಳಿಯವರಿಗೆ ತಾರ್ಲೆ, ಬಂಗಡೆ ಇದೆ. ದೊಡ್ಡ ಮೀನುಗಳಿಗಿಂತ ಈ ಸಣ್ಣವೇ ಲೇಸು, ಪಾದರಸ ಕಡಿಮೆ, ಮೋರಿ (ಶಾರ್ಕ್) ಬೇಡ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಂತಾಗ ಒಣಮೀನಿಗೆ ಹೊರಳುವವರು ಉಪ್ಪಿನ ಮೇಲೆ ಕಣ್ಣಿಡಬೇಕು; ಮೊಟ್ಟೆ ಸುಲಭ. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ತಂಬುಳಿ, ಅಪ್ಪೆಹುಳಿ ಬಾಯಿಗೆ ಹಿತ, ಆದರೆ ಕಾಳು ಇಲ್ಲದ ಊಟ ಅವಳಿ ಬಸುರಿಗೆ ಸಾಲದು. ಮೊಳಕೆ ಹೆಸರು, ಕಡಲೆ, ಮೊಸರು, ಹಾಲು ದಿನವೂ ಇರಲಿ. ಬಿ12 ಒಮ್ಮೆ ನೋಡಿಸಿ. ಹೊಟ್ಟೆಯಲ್ಲಿ ಜಾಗ ಕಡಿಮೆ ಇರುವುದರಿಂದ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನುವುದು ಒಳ್ಳೆಯದು. ತೂಕ ಎಷ್ಟು ಏರಬೇಕು ಎನ್ನುವುದಕ್ಕೆ, ಮೊದಲು ಸರಿಯಾದ ತೂಕ ಇದ್ದವರಿಗೆ 17ರಿಂದ 25 ಕಿಲೋ ಎಂಬ ಅಮೆರಿಕದ ಲೆಕ್ಕ ಇದೆ. ನಮ್ಮ ಸಣ್ಣ ಮೈಕಟ್ಟಿನ ಹೆಣ್ಣುಮಕ್ಕಳು ಆ ಅಂಕಿಯ ಬೆನ್ನು ಹತ್ತಬೇಕಾಗಿಲ್ಲ. ತಿಂಗಳು ತಿಂಗಳು ಏರುತ್ತಿದೆಯೇ ಎಂಬುದನ್ನು ನೋಡಿದರೆ ಸಾಕು.

ಬಿಪಿ ಬಗ್ಗೆ ಮಾತ್ರ ಸಡಿಲ ಬಿಡಬೇಡಿ. ಬಸುರಿನಲ್ಲಿ ಬಿಪಿ ಏರುವ ಗರ್ಭನಂಜಿನ ಅಪಾಯ ಅವಳಿ ಬಸುರಿಯರಿಗೆ ಎರಡು-ಮೂರು ಪಟ್ಟು. ಅದನ್ನು ತಗ್ಗಿಸಲು 12ನೇ ವಾರದಿಂದ ಕಡಿಮೆ ಡೋಸಿನ ಆಸ್ಪಿರಿನ್ ಕೊಡುವುದುಂಟು, ದಿನಕ್ಕೆ 75ರಿಂದ 150 ಮಿಲಿಗ್ರಾಂ, ರಾತ್ರಿ. ಇದನ್ನು ವೈದ್ಯರೇ ಬರೆದುಕೊಡಬೇಕು, ಮೆಡಿಕಲ್ ಶಾಪಿನಲ್ಲಿ ತಾವಾಗಿ ಕೇಳಿ ತರುವುದಲ್ಲ. ಬಿಪಿ 140/90 ಮುಟ್ಟಿದರೆ ತೋರಿಸಬೇಕು. 160/110 ಆದರೆ ಅದು ತುರ್ತು. ಬಿಡದ ತಲೆನೋವು, ಕಣ್ಣು ಮಂಜು, ಎದೆಗುಂಡಿಗೆಯ ಕೆಳಗೆ ನೋವು, ಮುಖ-ಕೈ ಒಮ್ಮೆಲೇ ಊದುವುದು ಇದರ ಸುಳಿವು. ಎದೆಗುಂಡಿಗೆಯ ನೋವನ್ನು ‘ಪಿತ್ತ’ ಎಂದು ಕಷಾಯ ಕುಡಿಸಿ ರಾತ್ರಿ ಕಳೆಯುವುದೇ ನಮ್ಮ ಕಡೆ ಹೆಚ್ಚಾಗಿ ಆಗುವ ತಪ್ಪು. ಸಕ್ಕರೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿನ ನಂತರ ನೋಡುತ್ತಾರೆ. 140 ಅಥವಾ ಅದಕ್ಕೆ ಮೇಲಿದ್ದರೆ ಗರ್ಭಾವಸ್ಥೆಯ ಮಧುಮೇಹ. ಮೊದಲ ಭೇಟಿಯಲ್ಲಿ ಒಮ್ಮೆ, 24-28 ವಾರದಲ್ಲಿ ಇನ್ನೊಮ್ಮೆ.

ಅವಳಿ ಎಂದಾಕ್ಷಣ ಹಾಸಿಗೆ ಹಿಡಿಸುವ ರೂಢಿ ಬಿಡಬೇಕು. ಸುಮ್ಮನೆ ಮಲಗಿಸುವುದರಿಂದ ಅವಧಿಪೂರ್ವ ಹೆರಿಗೆ ತಪ್ಪುವುದಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ಮನೆಯೊಳಗಿನ ಓಡಾಟ ಇರಲಿ, ತೋಟದ ಏರು ಹತ್ತಿ ಸೊಪ್ಪಿನ ಹೊರೆ ಹೊರುವುದು ಬೇಡ. ಎಲ್ಲರಿಗೂ ಗರ್ಭಕಂಠಕ್ಕೆ ಹೊಲಿಗೆ, ಎಲ್ಲರಿಗೂ ಹಾರ್ಮೋನು ಇಂಜೆಕ್ಷನ್ ಎಂಬುದಕ್ಕೂ ಆಧಾರವಿಲ್ಲ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಗರ್ಭಕಂಠದ ಉದ್ದ ಅಳೆದು, 25 ಮಿಲಿಮೀಟರಿಗಿಂತ ಗಿಡ್ಡ ಇದ್ದವರಿಗೆ ಏನು ಮಾಡಬೇಕೆಂದು ವೈದ್ಯರು ನಿರ್ಧರಿಸುತ್ತಾರೆ.

ಇಷ್ಟೆಲ್ಲ ಮಾಡಿದರೂ ನೂರು ಅವಳಿ ಗರ್ಭಗಳಲ್ಲಿ ಅರವತ್ತರಷ್ಟು 37 ವಾರಕ್ಕೆ ಮೊದಲೇ ಹೆರಿಗೆಯಾಗುತ್ತವೆ. ಇಲ್ಲಿಂದ ವಿಷಯ ನಮ್ಮ ಭೂಗೋಳಕ್ಕೆ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಕಟ್ಟಿಹೋದದ್ದು ಎಲ್ಲರಿಗೂ ನೆನಪಿದೆ. ದೇವಿಮನೆ, ಅರಬೈಲು, ಅಣಶಿ ಘಟ್ಟಗಳೂ ಮಳೆಯಲ್ಲಿ ನಂಬುವಂಥವಲ್ಲ. ಒಳಗಿನ ಹಳ್ಳಿಗಳಲ್ಲಿ ಹೆದ್ದಾರಿ ಮುಟ್ಟುವ ಮೊದಲೇ ಕಾಲುಸಂಕ ಮುಳುಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ನಡುವೆ 28 ವಾರ ದಾಟುವ ಅವಳಿ ಬಸುರಿ ಮಳೆ ಹಿಡಿಯುವ ಮೊದಲೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಬಂದಿರುವುದು ಲೇಸು. 108ಕ್ಕೆ ಕರೆ ಮಾಡಲು ಮನೆಯಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ರಾತ್ರಿ ಯಾರ ಜೀಪು ಬರುತ್ತದೆ, ಇವನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ತವರಿಗೆ ಹೋಗುವ ರೂಢಿಯದು ಇನ್ನೊಂದು ತೊಡಕು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಘಟ್ಟ ಇಳಿದೋ ಹತ್ತಿಯೋ ತವರಿಗೆ ಹೊರಡುತ್ತಾರೆ. ಅವಳಿಯಲ್ಲಿ ಅದೇ ಅತಿ ಸೂಕ್ಷ್ಮ ಸಮಯ, ಅದೇ ಹೊತ್ತಿಗೆ ವೈದ್ಯರೂ ಬದಲು, ಮೊದಲ ಸ್ಕ್ಯಾನಿಂಗ್ ವರದಿ ಗಂಡನ ಮನೆಯ ಕಪಾಟಿನಲ್ಲಿ. ತವರಲ್ಲೇ ಹೆರಿಗೆ ಎಂದಿದ್ದರೆ ಐದನೇ ತಿಂಗಳಲ್ಲೇ ಅಲ್ಲಿನ ವೈದ್ಯರಲ್ಲಿ ಹೆಸರು ಬರೆಸಿ. ತಾಯಿ ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ಅವಳಿ, ಮಾಸು ಒಂದು’ ಅಥವಾ ‘ಅವಳಿ, ಮಾಸು ಎರಡು’ ಎಂದು ಬರೆಸಿಕೊಳ್ಳಿ. ಅವಳಿ ಬಸುರು ಸರ್ಕಾರದ ಲೆಕ್ಕದಲ್ಲಿ ಹೆಚ್ಚು ಅಪಾಯದ ಗುಂಪಿಗೆ ಸೇರುತ್ತದೆ. ಪ್ರತಿ ತಿಂಗಳ 9ನೇ ತಾರೀಖಿನ ಮಾತೃತ್ವ ಅಭಿಯಾನದ ತಪಾಸಣೆಯಲ್ಲಿ ಕಾರ್ಡಿಗೆ ಕೆಂಪು ಗುರುತು ಹಾಕಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ ವಾಹನ ಉಚಿತ, ಸಿಸೇರಿಯನ್ ಉಚಿತ. 2011ರಿಂದಲೂ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದು ಹಕ್ಕು. ಆಶಾ ಕಾರ್ಯಕರ್ತೆಯರಿಗೆ ಇದೆಲ್ಲ ಗೊತ್ತಿದೆ, ಕೇಳಿ.

ಆಸ್ಪತ್ರೆ ಆರಿಸುವಾಗ ಕಟ್ಟಡ ನೋಡಬೇಡಿ. ರಾತ್ರಿ ಅರಿವಳಿಕೆ ತಜ್ಞರು ಇರುತ್ತಾರೆಯೇ, ರಕ್ತ ಎಷ್ಟು ಹೊತ್ತಿನಲ್ಲಿ ಸಿಗುತ್ತದೆ, ಒಟ್ಟಿಗೆ ಎರಡು ಶಿಶುಗಳನ್ನು ನೋಡುವ ನವಜಾತ ಶಿಶು ಘಟಕ ಇದೆಯೇ, ಎಷ್ಟು ವಾರದ ಮಗುವಿನವರೆಗೆ ಅಲ್ಲಿ ನಿಭಾಯಿಸುತ್ತಾರೆ ಎಂದು ಕೇಳಿ. 30 ವಾರದ ಎರಡು ಶಿಶುಗಳನ್ನು ಹುಟ್ಟಿದ ಮೇಲೆ ಆಂಬ್ಯುಲೆನ್ಸ್‌ನಲ್ಲಿ ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲೇ ಸಾಗಿಸುವುದು ಎಷ್ಟೋ ಸುರಕ್ಷಿತ. ಹೊರಡುವ ಮೊದಲು, 34 ವಾರದೊಳಗೆ ಹೆರಿಗೆಯಾಗುವ ಲಕ್ಷಣ ಇದ್ದರೆ, ಮಕ್ಕಳ ಶ್ವಾಸಕೋಶ ಬಲಿಯಲು ಸ್ಟಿರಾಯ್ಡ್ ಕೊಡಬೇಕು: ಡೆಕ್ಸಾಮೆಥಸೋನ್ 6 ಮಿಲಿಗ್ರಾಂ, 12 ತಾಸಿಗೊಮ್ಮೆ, ನಾಲ್ಕು ಸಲ. ಮೊದಲ ಡೋಸನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಟ್ಟು, ಹೊತ್ತನ್ನು ಕಾರ್ಡಿನಲ್ಲಿ ಬರೆದು ಕಳಿಸಬಹುದು. ಅವಳಿ ಎಂದು ಡೋಸ್ ಹೆಚ್ಚಿಸಬೇಕಿಲ್ಲ, ಅವಳಿ ಎಂದು ಮೊದಲೇ ಎಲ್ಲರಿಗೂ ಚುಚ್ಚಿಡುವುದೂ ಸರಿಯಲ್ಲ. 32 ವಾರಕ್ಕೆ ಮೊದಲಾದರೆ ಮಿದುಳಿನ ರಕ್ಷಣೆಗೆ ಮ್ಯಾಗ್ನೀಶಿಯಂ ಸಲ್ಫೇಟ್ ಕೂಡ ಇದೆ, ಅದು ದೊಡ್ಡ ಆಸ್ಪತ್ರೆಯ ಕೆಲಸ.

ಅವಳಿ ಎಂದರೆ ಸಿಸೇರಿಯನ್ನೇ ಎಂದೇನಿಲ್ಲ. ಮೊದಲ ಮಗು ತಲೆ ಕೆಳಗಾಗಿದ್ದು ಬೇರೆ ತೊಡಕಿಲ್ಲದಿದ್ದರೆ ಸಹಜ ಹೆರಿಗೆ ಆಗಬಹುದು. 25 ದೇಶಗಳ 2,800 ತಾಯಂದಿರನ್ನು ಸೇರಿಸಿಕೊಂಡು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲೇ ಗೊತ್ತುಮಾಡಿದ ಸಿಸೇರಿಯನ್‌ನಿಂದ ಮಕ್ಕಳಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಆದರೆ ಅದರಲ್ಲೇ ಸಹಜ ಹೆರಿಗೆಗೆಂದು ಹೊರಟವರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ಕೊನೆಗೆ ಸಿಸೇರಿಯನ್ ಬೇಕಾಯಿತು. ಎಂದರೆ ಆಪರೇಷನ್ ಕೋಣೆ ಪಕ್ಕದಲ್ಲೇ ಇರಬೇಕು. ನಾಜೂಕಿನ ಹೊತ್ತು ಮೊದಲ ಮಗು ಬಂದ ಮೇಲಿನದು. ಎರಡನೆಯದು ಅಡ್ಡ ತಿರುಗಬಹುದು, ಹೊಕ್ಕುಳಬಳ್ಳಿ ಮುಂದೆ ಜಾರಬಹುದು, ಮಾಸು ಕಳಚಬಹುದು. ಮೊದಲ ಮಗುವಿನ ಬಳ್ಳಿಯನ್ನು ತಾಯಿಯ ಕಡೆಗೂ ಬಿಗಿಯಾಗಿ ಕಟ್ಟಬೇಕು. ಮಾಸು ಒಂದೇ ಆದರೆ ಒಳಗಿನ ಮಗುವಿನ ರಕ್ತ ಅಲ್ಲಿಂದ ಸೋರೀತು. ಹೆರಿಗೆಯಾದ ಕೂಡಲೆ ರಕ್ತಸ್ರಾವ ತಡೆಯಲು ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು, ಹೊಟ್ಟೆ ಮುಟ್ಟಿ ಇನ್ನೊಂದು ಮಗು ಇಲ್ಲವೆಂದು ಖಾತ್ರಿಯಾಗದೆ ಕೊಡಲೇಬಾರದು. ಸ್ಕ್ಯಾನಿಂಗ್ ಆಗದೆ ಬಂದ ಹೆರಿಗೆಗಳಲ್ಲಿ ಇದು ಮಗುವಿನ ಜೀವಕ್ಕೇ ಕುತ್ತು. ಎರಡೂ ಬಂದ ಮೇಲೆ, ತೀರಾ ಹಿಗ್ಗಿದ ಗರ್ಭಕೋಶ ಬಿಗಿಯಾಗಲು ತಡಮಾಡುವುದರಿಂದ ರಕ್ತಸ್ರಾವ ಹೆಚ್ಚು. ಗುಂಪು ನೋಡಿ ಹೊಂದಿಸಿದ ಎರಡು ಬಾಟಲಿ ರಕ್ತ, ಆಕ್ಸಿಟೋಸಿನ್ ಡ್ರಿಪ್, ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ಕೈಗೆ ಸಿಗುವಂತಿರಬೇಕು.

ಮಕ್ಕಳು ಎರಡೂವರೆ ಕಿಲೋಗಿಂತ ಕಡಿಮೆ ಇರುವುದೇ ಹೆಚ್ಚು. ಬೆಚ್ಚಗಿಡಲು ಬಿಸಿನೀರಿನ ಬಾಟಲಿ, ಕೆಂಡದ ಅಗ್ಗಿಷ್ಟಿಕೆ ಬೇಡ. ಎದೆಗೆ ಎದೆ ತಾಗಿಸಿ ಬಟ್ಟೆಯಲ್ಲಿ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಸಾಕು. ಒಂದನ್ನು ತಾಯಿ, ಇನ್ನೊಂದನ್ನು ಅಪ್ಪನೋ ಅಜ್ಜಿಯೋ ಕಟ್ಟಿಕೊಳ್ಳಬಹುದು. ಎರಡಕ್ಕೂ ಎದೆಹಾಲು ಸಾಲುತ್ತದೆ, ಏಕೆಂದರೆ ಕುಡಿದಷ್ಟೂ ಹಾಲು ಹುಟ್ಟುತ್ತದೆ. ಒಂದೊಂದು ಕಂಕುಳಲ್ಲಿ ಒಂದೊಂದನ್ನು ಹಿಡಿದು ಒಟ್ಟಿಗೆ ಕುಡಿಸುವುದು ಕಲಿತರೆ ತಾಯಿಗೆ ನಿದ್ದೆಗೂ ಸಮಯ ಸಿಗುತ್ತದೆ. ಬಾಣಂತಿಗೆ ನೀರು ಕೊಡಬಾರದು, ಪಥ್ಯದ ಒಣ ಊಟವೇ ಆಗಬೇಕು ಎಂಬ ಕಟ್ಟಳೆ ಎರಡು ಮಕ್ಕಳಿಗೆ ಹಾಲೂಡಿಸುವವಳ ಮೇಲೆ ಹೇರುವುದು ಅನ್ಯಾಯ. ಎರಡು ವಾರ ಮೀರಿಯೂ ಅವಳು ಅಳುತ್ತ, ನಿದ್ದೆ ಬರದೆ, ಮಕ್ಕಳತ್ತ ನೋಡದೆ ಕೂತರೆ ‘ಬಾಣಂತಿ ಸನ್ನಿ’ ಎಂದು ಮುಚ್ಚಿಡದೆ ವೈದ್ಯರಿಗೆ ತೋರಿಸಿ.

ಲಸಿಕೆ ಹುಟ್ಟಿದ ತಾರೀಖಿನ ಲೆಕ್ಕದಲ್ಲೇ ಹಾಕಿಸಬೇಕು. ಕೂರುವುದು, ನಡೆಯುವುದು, ಮಾತು ಇವನ್ನು ಮಾತ್ರ ದಿನ ತುಂಬಬೇಕಿದ್ದ ತಾರೀಖಿನಿಂದ ಎಣಿಸಬೇಕು. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಗಿದ ಪ್ರತಿ ಮಗುವಿಗೂ ಹುಟ್ಟಿದ 30 ದಿನದೊಳಗೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಆಗಬೇಕು. 28 ವಾರಕ್ಕೆ ಮೊದಲಿನವಾದರೆ ಎರಡು-ಮೂರು ವಾರದಲ್ಲೇ. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಒಳಗೆ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ಪಟಲ ಕಿತ್ತುಬಂದರೆ ದೃಷ್ಟಿ ಮರಳುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆ ಚೀಟಿ ಪಡೆಯುವಾಗ ಈ ಪರೀಕ್ಷೆಯ ತಾರೀಖು, ಯಾವ ಊರಿನಲ್ಲಿ ಎಂಬುದನ್ನು ಇಬ್ಬರು ಮಕ್ಕಳ ಚೀಟಿಯಲ್ಲೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಚಿಕ್ಕದನ್ನು ಮಾತ್ರ ತೋರಿಸಿ, ದೊಡ್ಡದು ಗಟ್ಟಿಯಾಗಿದೆ ಎಂದು ಬಿಟ್ಟುಬರುವುದು ಬೇಡ.

ಇತಿ,
ಪ್ರಸೂತಿ ಮತ್ತು ನವಜಾತ ಶಿಶು ಆರೈಕೆಯಲ್ಲಿ ತೊಡಗಿರುವ ಕೆಲವು ವೈದ್ಯರು ಹಾಗೂ ಶುಶ್ರೂಷಕಿಯರು
ಕಾರವಾರ, ಕುಮಟಾ, ಶಿರಸಿ